ಕೂಕಲ್ತೊರೈ ಹಿಮನಿವಾರಣ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈ ಹಾಕುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಬೇಕೆಂದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಬಾಳಿಕೆ ಬರುವ ತೋಟದ ಟ್ರ್ಯಾಕ್ಟರಿಗೆ ಮುಂದೆ ಬ್ಲೇಡು, ಹಿಂದೆ ತೂಕ, ಚಕ್ರಕ್ಕೆ ಸರಪಳಿ ಕಟ್ಟಿ ಹಿಮ ತೆಗೆಯುವುದು. ಕ್ಷೇತ್ರ, ನೀಲಗಿರಿ ಜಿಲ್ಲೆಯಲ್ಲಿ ಕೋತಗಿರಿಯ ಕಡೆಯ ಕೂಕಲ್ತೊರೈ. ಪ್ರಯೋಜನ, ಹಿಮವಿಲ್ಲದ ನೆಲ. ಅದು ಅಲ್ಲಿ ಈಗಾಗಲೇ ಇದೆಯಲ್ಲ ಎಂದು ಅವಸರದ ಓದುಗರು ಆಕ್ಷೇಪಿಸಬಹುದು; ಸಮಾಧಾನ ಮುಂದೆ ಬರುತ್ತದೆ. ಸಂಬಂಧ, ಟ್ರ್ಯಾಕ್ಟರು ತಳ್ಳುವುದು, ಹಿಮ ತಳ್ಳಿಸಿಕೊಳ್ಳುವುದು.

ಉಳಿದದ್ದು ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಯೋಗ್ಯನಾದವನು. ಮಂಡ್ಯದಲ್ಲಿ ಅಪ್ಪನ ಟ್ರ್ಯಾಕ್ಟರು ಹತ್ತಲು ನಾಚಿ, ಇಂಜಿನಿಯರಿಂಗ್ ಓದಿ, ಮಿನಸೋಟಾಕ್ಕೆ ಹೋಗಿ ಮನೆ ಕೊಂಡು, ಜನವರಿಯ ಬೆಳಗಿನ ಐದು ಗಂಟೆಗೆ ಎದ್ದು, ಟೊಪ್ಪಿಗೆಯ ಮೇಲೊಂದು ಟೊಪ್ಪಿಗೆ ಹಾಕಿಕೊಂಡು, ಅಪ್ಪನದಕ್ಕಿಂತ ಚಿಕ್ಕದಾದ ಟ್ರ್ಯಾಕ್ಟರನ್ನು ಏರಿ ಗ್ಯಾರೇಜಿನಿಂದ ರಸ್ತೆಯವರೆಗಿನ ದಾರಿಯನ್ನು ಉಳುವವನು ಉತ್ತಮಾಧಿಕಾರಿ. ಅವನಿಗೆ ಹಿಮವಿದೆ, ಆಫೀಸಿನ ಅವಸರವಿದೆ. ಎಲ್ಲಕ್ಕಿಂತ ಮುಖ್ಯವಾಗಿ ದುಃಖವಿದೆ. ಅವನು ದಾರಿ ಶುಚಿ ಮಾಡಿ ಕೈ ಕೊಡವುವ ಹೊತ್ತಿಗೆ ನಗರಾಡಳಿತದ ಹಿಮದ ಲಾರಿ ರಸ್ತೆ ಬಳಿದುಕೊಂಡು ಬಂದು, ಅದೇ ದಾರಿಯ ಬಾಯಿಗೆ ಮೊಣಕಾಲೆತ್ತರದ ದಿಬ್ಬ ಕಟ್ಟಿ ಮುಂದಕ್ಕೆ ಹೋಗುತ್ತದೆ. ದುಃಖವಿಲ್ಲದವನಿಗೆ ಯಾವ ಶಾಸ್ತ್ರದಲ್ಲೂ ಪ್ರವೇಶವಿಲ್ಲ. 2022ರ ನವೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ದಕ್ಷಿಣಕ್ಕೆ ಕೆಲವೇ ದಿನಗಳಲ್ಲಿ 80 ಇಂಚು, ಎಂದರೆ ಆರೂವರೆ ಅಡಿಗೂ ಮಿಕ್ಕಿ, ಹಿಮ ಬಿತ್ತು. ಅಲ್ಲಿನವರು ಈ ಗ್ರಂಥವನ್ನು ಓದದೆಯೇ ಪಂಡಿತರು. ಕೂಕಲ್ತೊರೈಯ ಕ್ಯಾರೆಟ್ ಬೆಳೆಗಾರ ಅನಧಿಕಾರಿ ಎಂದು ಇಲ್ಲಿಯೇ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಗ್ರಂಥಕ್ಕೆ ಪುಟಗಳಿರಬೇಕೆಂಬ ನಿಯಮವೂ ಇರುವುದರಿಂದ ವಿಚಾರ ಮುಂದುವರಿಯುತ್ತದೆ.

ಈಗ ಯಂತ್ರಲಕ್ಷಣ. ಹುಲ್ಲು ಕತ್ತರಿಸುವ ಸವಾರಿ ಯಂತ್ರ ಬೇರೆ, ತೋಟದ ಟ್ರ್ಯಾಕ್ಟರು ಬೇರೆ. ನೋಡಲು ಎರಡೂ ಒಂದೇ. ಎರಡರ ಮೇಲೆ ಕುಳಿತವನ ಮುಖದಲ್ಲೂ ಒಂದೇ ಬಗೆಯ ಗತ್ತು. ಆದರೆ ಮೊದಲನೆಯದರ ಚೌಕಟ್ಟು ತೆಳು ತಗಡು, ಅದಕ್ಕೆ ಹುಲ್ಲೇ ಹೆಚ್ಚು. ಎರಡನೆಯದರದು ದಪ್ಪ ಉಕ್ಕು, ಎರಕದ ಆಕ್ಸಲ್, ನೆಲಕ್ಕಿಳಿದ ಉಪಕರಣವನ್ನು ಎಳೆದರೂ ಕೊರಗದ ಗೇರುಪೆಟ್ಟಿಗೆ. ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ಕಬ್ ಕೆಡೆಟ್ ಎಂಬುದನ್ನು ತಂದಿತು. ಜಾನ್ ಡಿಯರ್ 1963ರಲ್ಲಿ 110 ಎಂಬ ಮಾದರಿಯನ್ನು ತಂದಿತು. ಆ ಕಾಲದ ಗಾಡಿಗಳನ್ನು ಇವತ್ತಿಗೂ ತಿಕ್ಕಿ ಬಣ್ಣ ಬಳಿದು ಓಡಿಸುವ ಭಕ್ತರಿದ್ದಾರೆ. ಮುಂದುಗಡೆ ನಾಲ್ಕಡಿ ಅಗಲದ ಬ್ಲೇಡು. ಎಡಕ್ಕೆ ಬಲಕ್ಕೆ ಓರೆ ಮಾಡಬಹುದು. ಹಿಮ ದಪ್ಪವಾದರೆ ಬ್ಲೇಡು ಕಳಚಿ ಸ್ನೋ ಬ್ಲೋವರ್ ಕಟ್ಟುತ್ತಾರೆ: ತಿರುಪು ತಿರುಪಾದ ಆಗರ್ ಹಿಮವನ್ನು ಎರಡು ಬದಿಯಿಂದ ನಡುವಿಗೆ ಎಳೆದುಕೊಳ್ಳುತ್ತದೆ, ಅದರ ಹಿಂದಿನ ಇಂಪೆಲ್ಲರ್ ಆ ಹಿಮವನ್ನು ಕೊಳವೆಯ ಮೂಲಕ ದೂರಕ್ಕೆ, ಸಾಮಾನ್ಯವಾಗಿ ಪಕ್ಕದ ಮನೆಯವರ ಕಡೆಗೆ, ಚಿಮ್ಮುತ್ತದೆ. ಕಲ್ಲು ಸಿಕ್ಕಿಕೊಂಡರೆ ಶಿಯರ್ ಪಿನ್ ಎಂಬ ಅಗ್ಗದ ಮೊಳೆ ತಾನು ಮುರಿದು ಗೇರುಪೆಟ್ಟಿಗೆಯನ್ನು ಉಳಿಸುತ್ತದೆ. ಕೆಲಸ ಕೆಟ್ಟಾಗ ಮುರಿಯಬೇಕಾದವರು ಯಾರೆಂಬುದನ್ನು ಯಂತ್ರಗಳೂ ಕಚೇರಿಗಳೂ ಒಂದೇ ತತ್ತ್ವದಿಂದ ನಿರ್ಧರಿಸುತ್ತವೆ ಎಂಬುದಕ್ಕೆ ಇದು ಸಾಕ್ಷಿ, ಆದರೆ ಅದು ಬೇರೆ ಗ್ರಂಥ.

ಈ ಚಿಮ್ಮುವ ಯಂತ್ರದ ಆದಿಪುರುಷ ಕ್ವಿಬೆಕ್‌ನ ಆರ್ಥರ್ ಸಿಕಾರ್. 1925ರಲ್ಲಿ ಮೊದಲನೆಯದನ್ನು ಕಟ್ಟಿ, 1927ರಲ್ಲಿ ಮಾಂಟ್ರಿಯಲ್ ಮಗ್ಗುಲಿನ ಊಟ್ರಮಾಂಟ್ ಪಟ್ಟಣಕ್ಕೆ ಮಾರಿದ. ಹೊಲದಲ್ಲಿ ಒಕ್ಕಣೆಯ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತಂತೆ. ಹಾಗಾದರೆ ಹೊಲದಿಂದ ಹಿಮಕ್ಕೆ ಹೋದದ್ದು ಹಿಮದಿಂದ ಹೊಲಕ್ಕೆ ಮರಳಲೇಬೇಕು ಎಂಬುದು ನಮ್ಮ ಮೊದಲನೆಯ ಯುಕ್ತಿ. ಇದು ದುರ್ಬಲವೆಂದು ತೋರಿದರೆ, ಮುಂದಿನವು ಇನ್ನೂ ದುರ್ಬಲವಾದ್ದರಿಂದ ಇದನ್ನೇ ಹಿಡಿದುಕೊಂಡಿರುವುದು ಲೇಸು.

ಎರಡನೆಯ ಯುಕ್ತಿ ಅನುಮಾನ ಪ್ರಮಾಣದ್ದು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಪಾಠ ತರ್ಕಶಾಸ್ತ್ರದ ಬಾಗಿಲಲ್ಲೇ ಸಿಗುತ್ತದೆ. ಅದೇ ಅಚ್ಚಿಗೆ ಹೊಯ್ದರೆ ಹೀಗಾಗುತ್ತದೆ. ಪ್ರತಿಜ್ಞೆ: ಈ ಬೆಟ್ಟದಲ್ಲಿ ಹಿಮವಿದೆ. ಹೇತು: ಹಿಮ ತೆಗೆಯುವ ಟ್ರ್ಯಾಕ್ಟರು ಇರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಅಂಥ ಟ್ರ್ಯಾಕ್ಟರೋ ಅಲ್ಲಲ್ಲಿ ಹಿಮ, ಮಿನಸೋಟಾದಲ್ಲಿರುವಂತೆ. ಉಪನಯ: ಇಲ್ಲಿಯೂ ಅಂಥ ಟ್ರ್ಯಾಕ್ಟರಿದೆ. ನಿಗಮನ: ಆದ್ದರಿಂದ ಇಲ್ಲಿಯೂ ಹಿಮವಿದೆ. ಐದು ಅವಯವಗಳೂ ನೆಟ್ಟಗಿವೆ. ಟ್ರ್ಯಾಕ್ಟರು ಇನ್ನೂ ಬಂದಿಲ್ಲ ಎಂಬುದೊಂದು ಊನ; ಅದು ತರ್ಕದ ಊನವಲ್ಲ, ಹಣಕಾಸಿನದು. ಕೃಷಿ ಯಾಂತ್ರೀಕರಣಕ್ಕೆಂದು ಕೇಂದ್ರ ಸರ್ಕಾರ 2014-15ರಿಂದ ಒಂದು ಉಪ ಅಭಿಯಾನ ನಡೆಸಿ ಯಂತ್ರ ಕೊಳ್ಳುವ ರೈತರಿಗೆ ಸಹಾಯಧನ ಕೊಡುತ್ತ ಬಂದಿದೆ. ಅದರಲ್ಲಿ ಒಂದು ಟ್ರ್ಯಾಕ್ಟರು ಮಂಜೂರಾದರೆ ಹೇತು ಸಿದ್ಧಿಸುತ್ತದೆ, ಹೇತು ಸಿದ್ಧಿಸಿದರೆ ಹಿಮ ತಾನಾಗಿ ಸಿದ್ಧಿಸುತ್ತದೆ. ಮೊದಲು ಯಂತ್ರ, ಆಮೇಲೆ ಅದಕ್ಕೊಂದು ಅಗತ್ಯ: ಯೋಜನಾ ವರದಿ ಬರೆಯುವ ವಿದ್ವಾಂಸರು ಈ ಕ್ರಮವನ್ನು ಗುರುಮುಖೇನ ಕಲಿತವರು. ಪ್ರಸ್ತುತ ಲೇಖಕ ಅವರ ಏಕಲವ್ಯ.

ಇಲ್ಲಿ ಪ್ರತಿವಾದಿ ಎದ್ದು ನಿಲ್ಲುತ್ತಾನೆ. ಅವನು ಭೂಗೋಳದ ಮೇಷ್ಟರು. ಕೂಕಲ್ತೊರೈ ಸಮಭಾಜಕದಿಂದ ಉತ್ತರಕ್ಕೆ ಹನ್ನೊಂದೂವರೆ ಡಿಗ್ರಿಯೊಳಗಿದೆ. ಈ ಅಕ್ಷಾಂಶದಲ್ಲಿ ಹಿಮ ಬಿದ್ದು ನಿಲ್ಲಬೇಕಾದರೆ ನೆಲ ಸುಮಾರು ಐದು ಸಾವಿರ ಮೀಟರ್ ಎತ್ತರವಿರಬೇಕು. ನೀಲಗಿರಿಯ ನೆತ್ತಿಯಾದ ದೊಡ್ಡಬೆಟ್ಟವೇ 2,637 ಮೀಟರು, ಎಂಬುದು ಅವನ ವಾದ. ಇದಕ್ಕೆ ಉತ್ತರ ಸುಲಭ. ಒಂದು ದೊಡ್ಡಬೆಟ್ಟದ ಮೇಲೆ ಇನ್ನೊಂದು ದೊಡ್ಡಬೆಟ್ಟವನ್ನು ಇಟ್ಟರೆ 5,274 ಮೀಟರಾಗುತ್ತದೆ, ಹಿಮಕ್ಕೆ ಸಾಕಾಗಿ ಇನ್ನೂರು ಮುನ್ನೂರು ಮೀಟರ್ ಮಿಗುತ್ತದೆ. ಎರಡನೆಯ ದೊಡ್ಡಬೆಟ್ಟವನ್ನು ಎಲ್ಲಿಂದ ತರುವುದು ಎಂಬುದು ಟೆಂಡರಿಗೆ ಸಂಬಂಧಿಸಿದ ಪ್ರಶ್ನೆ. ತಾತ್ವಿಕವಾಗಿ ಅಡ್ಡಿಯಿಲ್ಲ.

ಮೇಷ್ಟರು ಕೂತ ಮೇಲೆ ತಾರ್ಕಿಕ ಏಳುತ್ತಾನೆ, ಇವನು ಹೆಚ್ಚು ಅಪಾಯಕಾರಿ. ಹಿಮ ತೆಗೆಯುವುದು ಎಂದರೆ ಹಿಮದ ಅಭಾವವನ್ನು ಉಂಟುಮಾಡುವುದು. ನ್ಯಾಯಮತದಲ್ಲಿ ಅಭಾವ ನಾಲ್ಕು ಬಗೆ. ನಿಮ್ಮ ಟ್ರ್ಯಾಕ್ಟರು ಯಾವ ಅಭಾವವನ್ನು ಉಂಟುಮಾಡುತ್ತದೆ ಎಂದು ಕೇಳುತ್ತಾನೆ. ಇನ್ನೂ ಬೀಳದ ಹಿಮದ್ದು ಪ್ರಾಗಭಾವ: ಅಕ್ಟೋಬರ್ ತಿಂಗಳ ಮಿನಸೋಟಾ. ಬಿದ್ದು ತೆಗೆದಾದ ಹಿಮದ್ದು ಪ್ರಧ್ವಂಸಾಭಾವ: ಬೆಳಗಿನ ಏಳು ಗಂಟೆಗೆ, ನಗರಾಡಳಿತದ ಲಾರಿ ಬರುವ ಮುನ್ನ, ನಮ್ಮ ಮಂಡ್ಯದ ಹುಡುಗನ ಅಂಗಳ. ಹಿಮವು ಟ್ರ್ಯಾಕ್ಟರಲ್ಲ, ಟ್ರ್ಯಾಕ್ಟರು ಹಿಮವಲ್ಲ ಎಂಬುದು ಅನ್ಯೋನ್ಯಾಭಾವ. ಇದು ಎಲ್ಲ ಊರಿಗೂ ಸಮಾನ. ಹಿಂದೆಯೂ ಇಲ್ಲ, ಈಗಲೂ ಇಲ್ಲ, ಮುಂದೆಯೂ ಇಲ್ಲ ಎಂಬುದು ಅತ್ಯಂತಾಭಾವ: ಅದು ಕೂಕಲ್ತೊರೈಗೆ ಸಂದದ್ದು. ಅತ್ಯಂತಾಭಾವ ನಿತ್ಯವಾದ್ದರಿಂದ ಅದನ್ನು ಉಂಟುಮಾಡಲಾಗದು, ಆದ್ದರಿಂದ ಟ್ರ್ಯಾಕ್ಟರು ವ್ಯರ್ಥ ಎಂದು ಅವನ ತೀರ್ಪು. ನಾವು ಒಪ್ಪುವುದಿಲ್ಲ. ಮಿನಸೋಟಾದ ಟ್ರ್ಯಾಕ್ಟರು ಇಡೀ ಬೆಳಗು ದುಡಿದು ಸಾಧಿಸುವ ಫಲವನ್ನು ಕೂಕಲ್ತೊರೈಯ ಟ್ರ್ಯಾಕ್ಟರು ಗ್ಯಾರೇಜಿನಿಂದ ಹೊರಡುವ ಮುನ್ನವೇ ನೂರಕ್ಕೆ ನೂರು ಸಾಧಿಸಿರುತ್ತದೆ. ಡೀಸೆಲ್ ಖರ್ಚು ಸೊನ್ನೆ, ಶುಚಿಯಾದ ನೆಲ ಪೂರ್ತಿ. ಇಂಥ ಅಂಕಿಅಂಶವನ್ನು ಯಾವ ಪ್ರಗತಿ ಪರಿಶೀಲನಾ ಸಭೆ ತಾನೆ ತಿರಸ್ಕರಿಸೀತು?

ಮೂರನೆಯದು ಐತಿಹಾಸಿಕ ಯುಕ್ತಿ. ಜಾನ್ ಸಲಿವನ್ 1819ರಲ್ಲಿ ಕೋತಗಿರಿಗೆ ಹತ್ತಿದಂದಿನಿಂದ ಇಂಗ್ಲಿಷರು ನೀಲಗಿರಿಯನ್ನು ತಮ್ಮೂರು ಮಾಡುವ ಹಟಕ್ಕೆ ಬಿದ್ದರು. ಕ್ಯಾರೆಟ್, ಬೀಟ್ರೂಟ್, ಕೋಸು, ಆಲೂಗಡ್ಡೆ ಬಂದವು. ಆಸ್ಟ್ರೇಲಿಯದಿಂದ ಯೂಕಲಿಪ್ಟಸ್ ಬಂದು, ಈಗ ನಾವೆಲ್ಲ ಆ ಮರವನ್ನೇ ನೀಲಗಿರಿ ಎನ್ನುವಷ್ಟು ಬಲಿಯಿತು. ಉದಕಮಂಡಲದಲ್ಲಿ 1848ರಲ್ಲಿ ಸಸ್ಯೋದ್ಯಾನ ಎದ್ದು ಇಂಗ್ಲೆಂಡಿನ ಹಾಗೆ ಹುಲ್ಲುಹಾಸು ಹಾಸಿಕೊಂಡಿತು. ಮೆಟ್ಟುಪಾಳಯದಿಂದ ಸ್ವಿಸ್ ತಂತ್ರದ ಹಲ್ಲುಪಟ್ಟಿಯ ರೈಲು 1899ಕ್ಕೆ ಕೂನೂರು, 1908ಕ್ಕೆ ಊಟಿ ಮುಟ್ಟಿತು. ಅತ್ತ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಕೆರೆಯ ಮಂಜುಗಡ್ಡೆಯನ್ನು ಹಡಗಿಗೆ ತುಂಬಿ ಕಲ್ಕತ್ತೆಗೆ ಕಳಿಸಿದ; 1842ರ ಹೊತ್ತಿಗೆ ಮದರಾಸಿನ ಕಡಲ ದಂಡೆಯಲ್ಲಿ ಅದನ್ನು ಇಡಲು ಐಸ್ ಹೌಸ್ ನಿಂತಿತು. ಮೂರು ಋತುವೂ ಬೆವರುವ ಮದರಾಸಿಗೆ ಹಡಗಿನಲ್ಲಿ ಮಂಜುಗಡ್ಡೆ ಬರಬಹುದಾದರೆ, ಸದಾ ಸ್ವೆಟರ್ ತೊಟ್ಟಿರುವ ಕೋತಗಿರಿಗೆ ಹಿಮ ತೆಗೆಯುವ ಟ್ರ್ಯಾಕ್ಟರು ಬರಬಾರದೆಂದು ಯಾವ ಸ್ಮೃತಿ ಹೇಳುತ್ತದೆ? ಇಂಗ್ಲೆಂಡಿನಿಂದ ಎಲ್ಲವೂ ಬಂದು ಹಿಮ ಒಂದು ಮಾತ್ರ ಬರಲಿಲ್ಲ. ಇಷ್ಟು ದೊಡ್ಡ ಆಮದಿನಲ್ಲಿ ಒಂದು ಸಾಮಾನು ತಪ್ಪಿದ್ದನ್ನು ಕೊರತೆ ಎನ್ನಬೇಕೇ ಹೊರತು ತತ್ತ್ವ ಎನ್ನಲಾಗದು.

ಇನ್ನು ಮೀಮಾಂಸಕರ ಬೆಂಬಲವಿದೆ. ಯಾಗಕ್ಕೆ ಸೋಮಲತೆ ಸಿಗದಿದ್ದರೆ ಪೂತೀಕವೆಂಬ ಬಳ್ಳಿಯನ್ನು ಪ್ರತಿನಿಧಿಯಾಗಿ ಬಳಸಬಹುದೆಂದು ಅವರು ವಿಧಿಸಿದ್ದಾರೆ. ಈ ಪ್ರತಿನಿಧಿನ್ಯಾಯವನ್ನು ನೀಲಗಿರಿಯ ದೊರೆಗಳು ಜೈಮಿನಿಯನ್ನು ಓದದೆಯೇ ಅನುಸರಿಸಿದರು. ಕುದುರೆ, ಬೇಟೆನಾಯಿ, ಕೆಂಪು ಕೋಟು, ಕಹಳೆ ಎಲ್ಲ ಇದ್ದೂ ಇಂಗ್ಲೆಂಡಿನ ನರಿ ಇಲ್ಲದ್ದರಿಂದ ಊಟಿ ಹಂಟ್‌ನವರು ವೆನ್ಲಾಕ್ ಡೌನ್ಸ್ ಹುಲ್ಲುಗಾವಲಿನಲ್ಲಿ ಗುಳ್ಳೆನರಿಯನ್ನು ಅಟ್ಟಿಸಿಕೊಂಡು ಹೋದರು. ಗುಳ್ಳೆನರಿಗೆ ತಾನು ಪ್ರತಿನಿಧಿ ಎಂದು ತಿಳಿದಿರಲಿಲ್ಲ, ಆದರೂ ಓಡಿತು. ಹಾಗೆಯೇ ಹಿಮ ಸಿಗದಲ್ಲಿ ಅದರ ಪ್ರತಿನಿಧಿಯನ್ನು ಹುಡುಕುವುದು ಟ್ರ್ಯಾಕ್ಟರು ಕೊಂಡವನ ಕರ್ತವ್ಯ. ಆ ಪ್ರತಿನಿಧಿ ನೀಲಗಿರಿಯಲ್ಲಿ ಧಾರಾಳವಾಗಿದೆ. ತಮಿಳಿನಲ್ಲಿ ಅದನ್ನು ಉರೈಪನಿ ಎನ್ನುತ್ತಾರೆ.

ಇಲ್ಲಿ ಲೇಖಕ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಇದು ನಿಜವಾಗಿಯೂ ಇರುವ ವಸ್ತು. ಇರುವ ವಸ್ತುವಿನ ಬಗ್ಗೆ ಬರೆಯುವಾಗ ಪಂಡಿತರು ಎಡವುವುದು ಹೆಚ್ಚು. ನವೆಂಬರಿನಿಂದ ಫೆಬ್ರುವರಿವರೆಗೆ, ಮೋಡವಿಲ್ಲದ ಗಾಳಿಯಿಲ್ಲದ ರಾತ್ರಿಗಳಲ್ಲಿ, ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಅದಕ್ಕೇ ಬೆಟ್ಟದ ಏಣಿಗಿಂತ ಕೆಳಗಿನ ಕಣಿವೆ ಹೆಚ್ಚು ನಡುಗುತ್ತದೆ. ಊಟಿಯ ಸುತ್ತ ತಲೈಕುಂದಾ, ಕಾಂದಲ್ ಕಡೆಯ ಬಯಲುಗಳು, ಕುದುರೆ ಪಂದ್ಯದ ಮೈದಾನ, ಸಸ್ಯೋದ್ಯಾನದ ಹುಲ್ಲುಹಾಸು ಬೆಳಗಾಗುವಾಗ ಬೆಳ್ಳಗಾಗಿರುತ್ತವೆ. ನಿಲ್ಲಿಸಿದ ಕಾರುಗಳ ನೆತ್ತಿಯ ಮೇಲೆ ಪ್ರವಾಸಿಗಳು ಬೆರಳಿನಿಂದ ಹೆಸರು ಬರೆಯುತ್ತಾರೆ. ಇದು ಆಕಾಶದಿಂದ ಬಿದ್ದದ್ದಲ್ಲ. ಗಾಳಿಯಲ್ಲಿದ್ದ ತೇವ ಎಲೆಯ ಮೇಲೆ, ತಗಡಿನ ಮೇಲೆ, ಇದ್ದಲ್ಲಿಯೇ ಹರಳುಗಟ್ಟಿದ್ದು. ದಪ್ಪ ಒಂದೆರಡು ಮಿಲಿಮೀಟರು. ಆದರೆ ಅದು ಮಾಡುವ ಹಾನಿ ದೊಡ್ಡದು: ಚಹಾದ ಚಿಗುರು ಸುಟ್ಟಂತೆ ಕಂದಾಗುತ್ತದೆ, ಆಲೂಗಡ್ಡೆಯ ಸೊಪ್ಪು ಕರಕಲಾಗುತ್ತದೆ, ಹುರುಳಿಕಾಯಿ ಬಳ್ಳಿ ಕೈಚೆಲ್ಲುತ್ತದೆ.

ಶಾಸ್ತ್ರಕಾರನಿಗೆ ಕ್ಷೇತ್ರಕಾರ್ಯ ಬೇಕೆಂದು ಈಗಿನ ವಿಶ್ವವಿದ್ಯಾಲಯಗಳು ಒತ್ತಾಯಿಸುವುದರಿಂದ ಒಬ್ಬ ಬೆಳೆಗಾರರನ್ನು ಸಂದರ್ಶಿಸಲಾಯಿತು. ಅವರಾಡುವುದು ಬಡಗ, ಕನ್ನಡದವನಿಗೆ ಮುಕ್ಕಾಲು ತಿಳಿಯುತ್ತದೆ, ವಾದ ಮಾಡಲು ಅಷ್ಟು ಸಾಕು. ಅವರು ಕ್ಯಾರೆಟ್ ಮೂಟೆ ಹೊಲಿಯುತ್ತಿದ್ದರು. ಹೊಲದ ಮೇಲಿನ ಉರೈಪನಿಯನ್ನು ಹೇಗೆ ತೆಗೆಯುತ್ತೀರಿ ಎಂಬ ಪ್ರಶ್ನೆಗೆ ತಲೆಯೆತ್ತದೆ, “ಎಂಟೂವರೆಗೆ, ಅಣ್ಣಾ” ಎಂದರು.

ಇಷ್ಟು ಬಿಗಿಯಾದ ಸೂತ್ರ ಪಾಣಿನಿಯಲ್ಲೂ ವಿರಳ. ಹೇಗೆ ಎಂದು ಕೇಳಿದರೆ ಎಷ್ಟು ಹೊತ್ತಿಗೆ ಎಂಬ ಉತ್ತರ. ಉಪಕರಣವಿಲ್ಲ, ಕರ್ತೃವಿಲ್ಲ, ಕ್ರಿಯಾಪದವೂ ಇಲ್ಲ. ಒಂದು ಪಂಥದ ಭಾಷ್ಯಕಾರರು ಇಲ್ಲಿ ‘ಬಿಸಿಲು ಬಂದು ಕರಗಿಸುತ್ತದೆ’ ಎಂದು ಅಧ್ಯಾಹಾರ ಮಾಡಿಕೊಳ್ಳುತ್ತಾರೆ. ಇನ್ನೊಂದು ಪಂಥದವರು ‘ಅಷ್ಟೊತ್ತಿಗೆ ನೀವು ಇಲ್ಲಿಂದ ಹೊರಡಿ’ ಎಂಬುದು ತಾತ್ಪರ್ಯವೆನ್ನುತ್ತಾರೆ. ಲೇಖಕ ಎರಡನ್ನೂ ಪರಿಶೀಲಿಸಿ, ಎರಡಕ್ಕೂ ಆಧಾರವಿದೆಯೆಂದು ಕಂಡುಕೊಂಡಿದ್ದಾನೆ.

ಮೊದಲ ಪಂಥವನ್ನು ಗಣಿತದಿಂದ ಪರೀಕ್ಷಿಸೋಣ. ಒಂದು ಎಕರೆಯ ಮೇಲಿನ ಉರೈಪನಿ ಕರಗಿದಾಗ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ನೀರಾಗುತ್ತದೆಂದು ಹಿಡಿದರೂ ಸುಮಾರು 400 ಲೀಟರಾಯಿತು. ಅಂದರೆ ಟ್ರ್ಯಾಕ್ಟರಿನ ಮುಂದಿರುವುದು 400 ಕಿಲೋ ಶತ್ರು. ಕೆಲಸವೇ ಇಲ್ಲವೆಂದು ಇನ್ನು ಯಾರೂ ಹೇಳುವಂತಿಲ್ಲ. ನಾಲ್ಕಡಿ ಬ್ಲೇಡು ಒಂದು ಎಕರೆ ಬಳಿಯಲು 10,890 ಅಡಿ, ಎಂದರೆ 3.3 ಕಿಲೋಮೀಟರು ಓಡಬೇಕು. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಲವತ್ತು ನಿಮಿಷ, ತಿರುವುಗಳಲ್ಲಿ ಬೈದುಕೊಳ್ಳುವ ಸಮಯ ಬಿಟ್ಟು. ನಮ್ಮ ಬೆಂಗಳೂರಿನಲ್ಲಿ 1967ರಲ್ಲಿ ಹುಟ್ಟಿದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ನಂಟಿನಿಂದ ಟಿಲ್ಲರನ್ನೂ ಸಣ್ಣ ಟ್ರ್ಯಾಕ್ಟರನ್ನೂ ಮಾಡಿ ದಕ್ಷಿಣದ ಹೊಲಗಳಿಗೆ ಇಳಿಸಿದೆ; ಆ ಗಾತ್ರದ್ದೊಂದು ಗಾಡಿಗೆ ಹದಿನೆಂಟು ಅಶ್ವಶಕ್ತಿ ಎಂದುಕೊಳ್ಳೋಣ. ಎದುರಾಳಿಯಾದ ಸೂರ್ಯನದು? ಎಳೆಬಿಸಿಲು ಚದರ ಮೀಟರಿಗೆ ಬರೀ 200 ವಾಟ್ ಎಂದು ಲೆಕ್ಕ ಹಾಕಿದರೂ ಆ ಒಂದು ಎಕರೆಗೆ ಎಂಟುನೂರು ಕಿಲೋವಾಟ್, ಸಾವಿರ ಅಶ್ವಶಕ್ತಿಗೂ ಮೇಲು. ಸಹಾಯಧನ ಬೇಡ, ಸರ್ವಿಸ್ ಬೇಡ, ತಿರುವಿನಲ್ಲಿ ಉರುಳುವುದಿಲ್ಲ. ಸ್ಪರ್ಧೆ ಅನ್ಯಾಯದ್ದೆಂದು ಲೇಖಕ ಪ್ರತಿಭಟನೆ ದಾಖಲಿಸುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಬ್ಲೇಡಿನ ಎತ್ತರದ್ದು. ಕಲ್ಲು ಮಣ್ಣಿನ ನೆಲದಲ್ಲಿ ಹಿಮ ತಳ್ಳುವವರು ಬ್ಲೇಡಿನ ಕೆಳಗೆ ಸ್ಕಿಡ್ ಶೂ ಎಂಬ ಲೋಹದ ಪಾದಗಳನ್ನು ಕಟ್ಟಿ ಅದನ್ನು ಒಂದಂಗುಲದಷ್ಟು ಎತ್ತಿಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ನೆಲವೇ ಕಿತ್ತು ಬರುತ್ತದೆ. ಒಂದಂಗುಲ ಎಂದರೆ 25 ಮಿಲಿಮೀಟರು. ಉರೈಪನಿ ಎರಡು ಮಿಲಿಮೀಟರು. ಆದ್ದರಿಂದ ಯಂತ್ರ ಬಿದ್ದಿಲ್ಲದ ಹಿಮವನ್ನೆಲ್ಲ ನಿಶ್ಶೇಷವಾಗಿ ತೆಗೆದು, ಕಟ್ಟಿರುವುದನ್ನು ಇದ್ದಂತೆಯೇ ಬಿಟ್ಟು ಮುಂದೆ ಸಾಗುತ್ತದೆ. ಪಾದಗಳನ್ನು ಕಳಚಿ ಬ್ಲೇಡನ್ನು ತಗ್ಗಿಸಿದರೆ ಉರೈಪನಿ ಹೋಗುತ್ತದೆ, ಜೊತೆಗೆ ಅದು ಕೂತಿದ್ದ ಕ್ಯಾರೆಟ್ ಸೊಪ್ಪೂ ಹೋಗುತ್ತದೆ. ಚಹಾತೋಟದಲ್ಲಿ ಸಂಕಟ ಮೇಲಂತಸ್ತಿನದು: ಅಲ್ಲಿ ಉರೈಪನಿ ಕೂರುವುದು ಸೊಂಟದೆತ್ತರಕ್ಕೆ ಸಮನಾಗಿ ಕತ್ತರಿಸಿದ ಗಿಡದ ನೆತ್ತಿಯ ಮೇಲೆ, ಬ್ಲೇಡು ಏಳುವುದು ಒಂದು ಗೇಣು. ಚಹಾ ಗಿಡಗಳ ಮೇಲೆಯೇ ಓಡಬಲ್ಲ ಹಗುರ ಟ್ರ್ಯಾಕ್ಟರು ಬರುವವರೆಗೆ ಈ ಅಧ್ಯಾಯವನ್ನು ಬಾಕಿಯಿಡಲಾಗಿದೆ.

ಪೂರ್ವಪಕ್ಷದ ಕಡೆಯ ಪಟ್ಟು: ಸ್ನೋ ಬ್ಲೋವರನ್ನು ಖಾಲಿ ತಿರುಗಿಸಿ ಗಾಳಿ ಬೀಸಿದರೆ? ಕಲ್ಪನೆ ಹುಚ್ಚಲ್ಲ. ಹೊರದೇಶಗಳ ಹಣ್ಣಿನ ತೋಟಗಳಲ್ಲಿ ಸುಮಾರು ಹತ್ತು ಮೀಟರ್ ಎತ್ತರದ ಕಂಬದ ಮೇಲೆ ದೊಡ್ಡ ಪಂಖ ಕಟ್ಟಿ, ಮೇಲೆ ನಿಂತ ಬೆಚ್ಚನೆಯ ಗಾಳಿಯನ್ನು ಕೆಳಗಿನ ತಣ್ಣನೆಯದರೊಡನೆ ಕಲಸುತ್ತಾರೆ. ಆದರೆ ನಮ್ಮ ಇಂಪೆಲ್ಲರ್ ಇರುವುದು ನೆಲದಿಂದ ಮೊಣಕಾಲಿನೊಳಗೆ. ಅದು ಕಲಸುವುದು ತಣ್ಣನೆಯ ಗಾಳಿಯನ್ನು ಇನ್ನಷ್ಟು ತಣ್ಣನೆಯ ಗಾಳಿಯೊಡನೆ. ಇಡೀ ಊರು ಎಚ್ಚರವಾಗುತ್ತದೆ ಎಂಬ ಆನುಷಂಗಿಕ ಫಲ ಬೇರೆ.

ಹಾಗಾದರೆ ಊರವರು ಎಂಟೂವರೆವರೆಗೆ ಕೈಕಟ್ಟಿ ಕೂತಿರುತ್ತಾರೆಯೆ? ಇಲ್ಲ. ಸಂಜೆಯೇ ಕಾಡಂಚಿನ ಜರಿಗಿಡದ ಸೊಪ್ಪು ಕೊಯ್ದು ತಂದು ಎಳೆಯ ಚಹಾ ಗಿಡಗಳ ಮೇಲೆ ಹೊದಿಸುತ್ತಾರೆ. ಎಲೆ ಆಕಾಶಕ್ಕೆ ಬಿಡಬೇಕಾಗಿದ್ದ ಬಿಸಿ ಸೊಪ್ಪಿನ ಕೆಳಗೆ ಉಳಿಯುತ್ತದೆ. ಹರಳು ಕಟ್ಟುವುದಾದರೆ ಆ ಸೊಪ್ಪಿನ ಮೇಲೆ ಕಟ್ಟಿಕೊಳ್ಳಲಿ. ತರಕಾರಿ ಹೊಲದಲ್ಲಿ ನಸುಕಿನಲ್ಲೇ ಸ್ಪ್ರಿಂಕ್ಲರ್ ಬಿಡುತ್ತಾರೆ. ತಣ್ಣೀರು ಚಳಿಗೆ ಔಷಧ ಹೇಗಾಯಿತೆಂದು ಪಂಡಿತರಿಗೆ ಅನುಮಾನ. ಒಂದು ಕಿಲೋ ನೀರು ಗಟ್ಟಿಯಾಗುವಾಗ 334 ಕಿಲೋಜೂಲ್ ಬಿಸಿ ಹೊರಬಿಡುತ್ತದೆ, ನೀರು ಬೀಳುತ್ತಿರುವಷ್ಟು ಹೊತ್ತು ಎಲೆಯ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಎರಡೂ ಉಪಾಯಗಳ ದೋಷವೆಂದರೆ ಅವನ್ನು ಟ್ರ್ಯಾಕ್ಟರಿಗೆ ಕಟ್ಟಲು ಬರುವುದಿಲ್ಲ. ಜರಿಸೊಪ್ಪಿಗೆ ಬ್ರ್ಯಾಂಡ್ ಇಲ್ಲ, ವಾರಂಟಿ ಇಲ್ಲ, ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುವ ಹಾಗಿಲ್ಲ. ಆದ್ದರಿಂದ ಇವು ಶಾಸ್ತ್ರದ ವ್ಯಾಪ್ತಿಗೆ ಹೊರಗು.

ಬಾಳಿಕೆಯ ಪ್ರಶ್ನೆಗೆ ಬರೋಣ; ಗ್ರಂಥದ ವಿಷಯ ಹೇಳುವಾಗ ಮೊದಲು ಬಂದ ವಿಶೇಷಣವೇ ಅದು. ಹಿಮದ ನಾಡಿನಲ್ಲಿ ಟ್ರ್ಯಾಕ್ಟರನ್ನು ಕೊಲ್ಲುವುದು ಮೂರು: ರಸ್ತೆಗೆ ಚೆಲ್ಲುವ ಉಪ್ಪು, ಮಂಜಿನಡಿಯ ಕಾಣದ ಕಲ್ಲು, ಟೈರಿನೊಳಗೆ ತೂಕಕ್ಕೆಂದು ತುಂಬಿದ ಕ್ಯಾಲ್ಸಿಯಂ ಕ್ಲೋರೈಡ್ ಸೋರಿ ತಿನ್ನುವ ರಿಮ್ಮು. ಕೂಕಲ್ತೊರೈಯಲ್ಲಿ ಮೂರೂ ಇಲ್ಲ. ಆದ್ದರಿಂದ ಅದೇ ಟ್ರ್ಯಾಕ್ಟರು ಇಲ್ಲಿ ಹೆಚ್ಚು ಬಾಳಬೇಕು. ಮುಂಗಾರು, ಹಿಂಗಾರು ಎರಡೂ ಮಳೆಗೆ ಬೋಲ್ಟುಗಳು ಶೆಡ್ಡಿನಲ್ಲಿ ನಿಂತಲ್ಲೇ ತುಕ್ಕು ಹಿಡಿಯುತ್ತವೆ ಎಂಬುದು ನಿಜವಾದರೂ, ಓಡದ ಯಂತ್ರ ಸವೆಯುವುದಿಲ್ಲ ಎಂಬ ಮಹಾಸತ್ಯದ ಮುಂದೆ ಅದು ಅಲ್ಪ. ಓಡಿಸಲು ಹೊರಟರೆ ಅಪಾಯ ಜಾಸ್ತಿ: ಈ ಜಾತಿಯ ಗಾಡಿಗಳನ್ನು ಹದಿನೈದು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಓಡಿಸಬೇಡಿ ಎಂಬುದು ಸಾಮಾನ್ಯ ಎಚ್ಚರಿಕೆ, ಕೂಕಲ್ತೊರೈ ಕಡೆಯ ಹೊಲಗಳೋ ಮೆಟ್ಟಿಲು ಮೆಟ್ಟಿಲು. ಮೇಲಿನ ಪಟ್ಟೆಯಲ್ಲಿ ಹಿಂದಕ್ಕೆ ತೆಗೆದರೆ ಕೆಳಗಿನ ಪಟ್ಟೆಯವರ ಬೀಟ್ರೂಟಿಗೆ ಬಂದು ಕೂರುತ್ತದೆ. ಆಗ ನಡೆಯುವ ಸಂಭಾಷಣೆ ಶಾಸ್ತ್ರಭಾಷೆಯಲ್ಲಿರುವುದಿಲ್ಲ.

ಬ್ಲೇಡಿಗೆ ಅಂಟುವ ಮಣ್ಣಿನ ವಿಷಯವೂ ಇದೆ. 1961ರಲ್ಲಿ ನೀಲಗಿರಿಯ ಆಲೂಗಡ್ಡೆ ಹೊಲದಲ್ಲಿ ಬೇರಿಗೆ ಅಂಟಿ ಚಿನ್ನದ ಬಣ್ಣದ ಕೋಶ ಕಟ್ಟುವ ಹುಳು, ಸಿಸ್ಟ್ ನೆಮಟೋಡ್, ಸಿಕ್ಕಿತು; ಮುತ್ತೊರೈಯ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಕೇಂದ್ರ ಅದರ ಜೊತೆ ದಶಕಗಳಿಂದ ಸೆಣಸುತ್ತಿದೆ. ಆ ಹುಳು ಹೊಲದಿಂದ ಹೊಲಕ್ಕೆ ನಡೆದು ಹೋಗುವುದಿಲ್ಲ. ಮಣ್ಣು ಮೆತ್ತಿದ ಗುದ್ದಲಿ, ಚಕ್ರ, ಚಪ್ಪಲಿಗಳಲ್ಲಿ ಸವಾರಿ ಮಾಡುತ್ತದೆ. ನಾಲ್ಕಡಿ ಬ್ಲೇಡೆಂದರೆ ಅದಕ್ಕೆ ಸ್ಲೀಪರ್ ಬಸ್ಸು.

ಕಾನೂನಿನ ಅಧ್ಯಾಯ ಚಿಕ್ಕದು. ನೀಲಗಿರಿಯಲ್ಲಿ ಮಣ್ಣು ಅಗೆಯುವ ಯಂತ್ರಗಳನ್ನು ಜಿಲ್ಲಾಡಳಿತದ ಅನುಮತಿಯಿಲ್ಲದೆ ಇಳಿಸುವಂತಿಲ್ಲ. ಮುಂದೆ ಬ್ಲೇಡು ಕಟ್ಟಿಕೊಂಡು ನಿಂತ ಟ್ರ್ಯಾಕ್ಟರನ್ನು ಕಂಡ ಗ್ರಾಮಾಡಳಿತಾಧಿಕಾರಿ ಇದು ಏತಕ್ಕೆ ಎಂದು ಕೇಳದೆ ಬಿಡುವುದಿಲ್ಲ, ‘ಹಿಮಕ್ಕೆ’ ಎಂಬ ಉತ್ತರವನ್ನು ಅವರು ಯಾವ ಕಾಲಮ್ಮಿನಲ್ಲಿ ಬರೆದುಕೊಳ್ಳುತ್ತಾರೋ ಹೇಳಲಾಗದು. ಆ ನಿರ್ಬಂಧ ಸುಮ್ಮನೆ ಬಂದದ್ದಲ್ಲ. 2009ರ ನವೆಂಬರಿನ ಹಿಂಗಾರು ಮಳೆಗೆ ಕೇತಿ, ಕೂನೂರು, ಊಟಿಯ ಇಳಿಜಾರುಗಳು ಕುಸಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ರಸ್ತೆ, ರೈಲುಹಳಿ ಎಲ್ಲ ಕೆಸರಿನಡಿ ಹೋದವು. ಈ ಬೆಟ್ಟಗಳಲ್ಲಿ ದಾರಿಯಿಂದ ತೆಗೆಯಬೇಕಾಗಿ ಬರುವುದು ಕೆಂಪು, ಬಿಳಿಯದಲ್ಲ. ಅದಕ್ಕೆ ತೋಟದ ಟ್ರ್ಯಾಕ್ಟರು ಸಾಲದು. ಇದೊಂದು ಪ್ಯಾರಾದಲ್ಲಿ ಅಣಕವಿಲ್ಲ.

ಉಳಿದದ್ದು ಪ್ರಾಯಶ್ಚಿತ್ತ ಪ್ರಕರಣ. ಎಲ್ಲ ಪ್ರಮಾಣಗಳನ್ನೂ ಮೀರಿ, ಮೇಷ್ಟರು ನಾಚುವಂತೆ, ಕೂಕಲ್ತೊರೈಯಲ್ಲಿ ಒಂದು ಬೆಳಗ್ಗೆ ನಿಜವಾಗಿಯೂ ಒಂದಡಿ ಹಿಮ ಬಿತ್ತು ಎಂದಿಟ್ಟುಕೊಳ್ಳೋಣ. ಟ್ರ್ಯಾಕ್ಟರು ಸರಪಳಿ ಕಟ್ಟಿಕೊಂಡು ಸಿದ್ಧವಾಗಿದೆ. ಆರು ಗಂಟೆಗೆ ಮೊದಲ ವಿಡಿಯೋ ಹೊರಡುತ್ತದೆ. ಏಳಕ್ಕೆ ಕೊಯಮತ್ತೂರು ಹೊರಡುತ್ತದೆ, ಏಳೂವರೆಗೆ ಮೈಸೂರು, ಎಂಟಕ್ಕೆ ಬೆಂಗಳೂರು. ಮದರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ವಾಹನಗಳಿಗೆ ಇ-ಪಾಸ್ ಬೇಕು. ಆ ದಿನ ಅದರ ಸರ್ವರಿನ ಮೇಲೆ ಬೀಳುವ ಭಾರವನ್ನು ಯಾವ ಬ್ಲೇಡೂ ತಳ್ಳಲಾರದು. ಕಲ್ಲಟ್ಟಿ ಘಾಟಿಯಿಂದ ಕೋತಗಿರಿಯವರೆಗೆ ವಾಹನಗಳ ಸಾಲು. ಹಿಮದ ಅಂಚಿನಲ್ಲಿ ವರ್ಕಿ, ಚಹಾ, ಸುಟ್ಟ ಜೋಳ, ಬಾಡಿಗೆಗೆ ಬೂಟು. ಹೊಲದ ಮಾಲೀಕರು ಬೇಲಿಗೆ ಗೇಟು ಹಾಕಿ ತಲೆಗೆ ಐವತ್ತು ರೂಪಾಯಿಯಂತೆ ಟಿಕೆಟ್ ಹರಿದು, ಮೂರು ವರ್ಷದ ಕ್ಯಾರೆಟ್ಟಿನ ನಷ್ಟವನ್ನು ಮಧ್ಯಾಹ್ನದೊಳಗೆ ತುಂಬಿಕೊಳ್ಳುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬ ಶಾಸ್ತ್ರವಿದ ಟ್ರ್ಯಾಕ್ಟರನ್ನು ಚಾಲೂ ಮಾಡುತ್ತಾನೆ.

ಆದ್ದರಿಂದ ಸಿದ್ಧಾಂತ ಹೀಗೆ ನಿಲ್ಲುತ್ತದೆ. ಹಿಮವಿಲ್ಲದ ದಿನಗಳಲ್ಲಿ ಟ್ರ್ಯಾಕ್ಟರು ಹಿಮ ತೆಗೆಯಲು ಸದಾ ಸನ್ನದ್ಧವಾಗಿರತಕ್ಕದ್ದು. ಹಿಮ ಬಿದ್ದ ದಿನ ಅದರ ಕೀಲಿ ತಹಸೀಲ್ದಾರರ ವಶದಲ್ಲಿರತಕ್ಕದ್ದು. ಪ್ರವಾಸಿಗಳು ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಪ್ರತ್ಯೇಕ ಇಪ್ಪತ್ತು ರೂಪಾಯಿ. ಐದು ವರ್ಷದೊಳಗಿನ ಮಕ್ಕಳಿಗೆ ಉಚಿತ.